ಬಾಚಣಿಗೆಯ ಪಟ್ಟಣ ಒಯೊನಾ

ಬೆಳಗಾದರೆ ಕನ್ನಡಿಯ ಮುಂದೆ ನಿಂತು ನಾವು ಕೈಗೆತ್ತಿಕೊಳ್ಳುವ ಬಾಚಣಿಗೆ ಎಷ್ಟು ಅಲ್ಪವಾದ ವಸ್ತು! ಅದರ ಹಲ್ಲು ಮುರಿದರೆ ಎಸೆದುಬಿಡುತ್ತೇವೆ. ಕೆಲವೇ ರೂಪಾಯಿ ಕೊಟ್ಟು ಇನ್ನೊಂದನ್ನು ತರುತ್ತೇವೆ. ಇಂಥ ಅಲ್ಪ ವಸ್ತುವನ್ನೇ ನಂಬಿ ಹಲವು ತಲೆಮಾರುಗಳ ಕಾಲ ಬಾಳಿದ ಊರೊಂದು ಫ್ರಾನ್ಸ್ ದೇಶದಲ್ಲಿ ಉಂಟು. ಅದರ ಹೆಸರು ಒಯೊನಾ. ಫ್ರೆಂಚರು ಈ ಹೆಸರನ್ನು ಬರೆಯುವಾಗ ಕೊನೆಗೆ ಒಂದು ಅಕ್ಷರವನ್ನು ಹೆಚ್ಚಾಗಿ ಸೇರಿಸುತ್ತಾರಾದರೂ ಉಚ್ಚರಿಸುವಾಗ ಅದನ್ನು ಬಿಟ್ಟುಬಿಡುವುದು ವಾಡಿಕೆ.

ಒಯೊನಾ ಪೂರ್ವ ಫ್ರಾನ್ಸಿನ ಜೂರಾ ಪರ್ವತಗಳ ನಡುವೆ, ಸಮುದ್ರಮಟ್ಟಕ್ಕಿಂತ 500 ಮೀಟರಿಗೂ ಹೆಚ್ಚು ಎತ್ತರದ ಕಣಿವೆಯೊಂದರಲ್ಲಿದೆ. ಅದರ ನೈಋತ್ಯಕ್ಕೆ ಲಿಯಾನ್ ಮಹಾನಗರ. ಪೂರ್ವಕ್ಕೆ ಗಡಿಯಾಚೆ ಸ್ವಿಟ್ಜರ್ಲೆಂಡಿನ ಜಿನೀವಾ. ಇಂದು ಅಲ್ಲಿನ ಜನಸಂಖ್ಯೆ ಸುಮಾರು 22 ಸಾವಿರ. ಅಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ, ದೊಡ್ಡ ನದಿಯಿಲ್ಲ, ಬಂದರಿಲ್ಲ. ಸುತ್ತಲಿನ ಭೂಮಿ ಅಷ್ಟೇನೂ ಫಲವತ್ತಾದುದಲ್ಲ. ಆದರೂ ಫ್ರಾನ್ಸಿನ ಪ್ಲಾಸ್ಟಿಕ್ ಉದ್ಯಮದ ಮುಖ್ಯ ಕೇಂದ್ರಗಳಲ್ಲಿ ಅದೂ ಒಂದು. ಪ್ರಕೃತಿಯು ಇಷ್ಟು ಜಿಪುಣತನ ತೋರಿದ ಊರಿಗೆ ಉದ್ಯಮವು ಎಲ್ಲಿಂದ ಬಂತು? ಬಂದುದು ಹೇಗೆ ಉಳಿಯಿತು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋದರೆ ಅರ್ಥಶಾಸ್ತ್ರವೂ ರಸಾಯನಶಾಸ್ತ್ರವೂ ಒಂದೇ ದಾರಿಯಲ್ಲಿ ನಮಗೆ ಎದುರಾಗುತ್ತವೆ.

ಹಿಮಗಾಲದ ಕಸುಬು

ಜೂರಾ ಪರ್ವತದ ಚಳಿಗಾಲ ದೀರ್ಘವಾದುದು. ಹಿಮ ಬಿದ್ದು ಹೊಲಗದ್ದೆಗಳು ಮುಚ್ಚಿಹೋದ ಮೇಲೆ ರೈತನಿಗೆ ತಿಂಗಳುಗಟ್ಟಲೆ ಹೊರಗೆ ಕೆಲಸವಿಲ್ಲ. ದನಕರುಗಳಿಗೆ ಮೇವು ಹಾಕಿ, ಒಲೆಯ ಮುಂದೆ ಕುಳಿತು, ಕೈಯಲ್ಲಾಗುವ ಏನಾದರೊಂದು ಕಸುಬನ್ನು ಮಾಡುವುದು ಆ ಸೀಮೆಯ ಪದ್ಧತಿ. ಆದುದರಿಂದಲೇ ಆ ಬೆಟ್ಟಗಳಲ್ಲಿ ಊರಿಗೊಂದು ಕೈಗಾರಿಕೆ ಬೆಳೆಯಿತು. ಮೊರೆ ಎಂಬ ಊರು ಗಡಿಯಾರಕ್ಕೂ ಕನ್ನಡಕಕ್ಕೂ ಹೆಸರಾಯಿತು. ಸಾಂ ಕ್ಲೋದ್ ಎಂಬ ಊರು ಹೊಗೆಸೊಪ್ಪು ಸೇದುವ ಮರದ ಚಿಲುಮೆಗೆ ಹೆಸರಾಯಿತು. ಒಯೊನಾದ ಪಾಲಿಗೆ ಬಂದುದು ಬಾಚಣಿಗೆ.

ಈ ಕಸುಬು ಯಾವಾಗ ಮೊದಲಾಯಿತೆಂಬುದಕ್ಕೆ ಐತಿಹ್ಯವೊಂದು ಉಂಟು. 7ನೆಯ ಶತಮಾನದಲ್ಲಿ ಬಾಳಿದ ಸಂತ ಲೆಜೆ ಎಂಬ ಬಿಷಪನು ಊರಿನವರಿಗೆ ಬಾಚಣಿಗೆ ಮಾಡುವ ಹಕ್ಕನ್ನು ಅನುಗ್ರಹಿಸಿದನಂತೆ. ಐತಿಹ್ಯವನ್ನು ಇತಿಹಾಸವೆಂದು ತಿಳಿಯಬೇಕಾಗಿಲ್ಲ. ಆದರೆ ತಮ್ಮ ಕಸುಬಿಗೆ ಒಬ್ಬ ಸಂತನ ಆಶೀರ್ವಾದವನ್ನು ಹುಡುಕಿಕೊಂಡ ಜನ ಅದನ್ನು ಎಷ್ಟು ಗೌರವದಿಂದ ಕಂಡರೆಂಬುದಕ್ಕೆ ಅದು ಸಾಕ್ಷಿ.

ಮೊದಮೊದಲು ಬಾಚಣಿಗೆಗಳನ್ನು ಮರದಿಂದ ಮಾಡುತ್ತಿದ್ದರು. ಅದಕ್ಕೆ ಹೇಳಿಮಾಡಿಸಿದ ಬಾಕ್ಸ್ ಎಂಬ ಕುರುಚಲು ಮರವು ಆ ಬೆಟ್ಟಗಳಲ್ಲಿಯೇ ಬೆಳೆಯುತ್ತದೆ. ಅದು ಬಹಳ ನಿಧಾನವಾಗಿ ಬೆಳೆಯುವ ಗಿಡ. ಆದಕಾರಣ ಅದರ ಕಟ್ಟಿಗೆ ಗಟ್ಟಿಯಾಗಿಯೂ ನುಣುಪಾಗಿಯೂ ಒತ್ತಾಗಿಯೂ ಇರುವುದು. ಮರದಲ್ಲಿ ಎಳೆಗಳು ಒಂದೇ ದಿಕ್ಕಿನಲ್ಲಿ ಸಾಗುತ್ತವೆಂಬುದು ಎಲ್ಲರೂ ಬಲ್ಲ ವಿಷಯ. ಹಲ್ಲುಗಳನ್ನು ಎಳೆಯ ದಿಕ್ಕಿನಲ್ಲಿಯೇ ಕೊರೆಯಬೇಕು. ಅಡ್ಡಕ್ಕೆ ಕೊರೆದರೆ ಒಂದೇ ಎಳೆತಕ್ಕೆ ಮುರಿದು ಬೀಳುತ್ತವೆ. ಹೇನು ತೆಗೆಯುವ ಸೀರಣಿಗೆಯಂಥ ಸಣ್ಣ ಹಲ್ಲಿನ ಬಾಚಣಿಗೆಗಂತೂ ಮರದ ಗುಣವನ್ನು ಬೆರಳ ತುದಿಯಿಂದಲೇ ಅರಿಯಬಲ್ಲ ಕೆಲಸಗಾರ ಬೇಕು. ಒಯೊನಾದ ಮೊದಲನೆಯ ಬಂಡವಾಳ ಇದೇ ಬೆರಳಿನ ಅರಿವು.

ಕೊಂಬು ಕಲಿಸಿದ ಪಾಠ

19ನೆಯ ಶತಮಾನದ ಪೂರ್ವಾರ್ಧದಲ್ಲಿ ಮರದ ಜಾಗಕ್ಕೆ ದನದ ಕೊಂಬು ಬಂತು. ಇಲ್ಲಿಂದ ನಮ್ಮ ಕಥೆಯ ವೈಜ್ಞಾನಿಕ ಭಾಗ ಮೊದಲಾಗುತ್ತದೆ; ಏಕೆಂದರೆ ಕೊಂಬಿನ ಕೆಲಸ ಮರದ ಕೆಲಸದಂತಲ್ಲ.

ಕೊಂಬಿನ ಒಳಗೆ ಮೂಳೆಯ ತಿರುಳು, ಹೊರಗೆ ಕೆರಾಟಿನ್ ಎಂಬ ಪದಾರ್ಥದ ಹೊದಿಕೆ. ನಮ್ಮ ಉಗುರು, ಕೂದಲುಗಳೂ ಇದೇ ಕೆರಾಟಿನ್ನಿನಿಂದಾದವು. ಈ ಹೊದಿಕೆಯನ್ನು ನೀರಿನಲ್ಲಿ ನೆನೆಸಿ ಬಿಸಿಮಾಡಿದರೆ ಅದು ಮೆತ್ತಗಾಗುತ್ತದೆ. ಮೆತ್ತಗಾದಾಗ ಅದನ್ನು ಸೀಳಿ, ಬಿಡಿಸಿ, ಬಿಸಿ ಕಬ್ಬಿಣದ ಹಲಗೆಗಳ ನಡುವೆ ಒತ್ತಿದರೆ ಸೊಟ್ಟ ಕೊಂಬು ಸಪಾಟಾದ ಹಾಳೆಯಾಗುತ್ತದೆ. ತಣಿದ ಮೇಲೆ ಹಾಳೆ ತನ್ನ ಹೊಸ ಆಕಾರವನ್ನೇ ಉಳಿಸಿಕೊಳ್ಳುತ್ತದೆ. ಹಲ್ಲು ಕೊರೆದಾದ ಬಳಿಕ ಮತ್ತೆ ಬಿಸಿಮಾಡಿ, ತಲೆಯ ಬಾಗಿಗೆ ಒಪ್ಪುವಂತೆ ಮಣಿಸಿ, ಮತ್ತೆ ತಣಿಸಬಹುದು. ಬಣ್ಣ ಕಟ್ಟಿ, ದುಬಾರಿಯಾದ ಆಮೆಯ ಚಿಪ್ಪಿನಂತೆ ತೋರುವ ಹಾಗೆ ಮಾಡುವುದೂ ಸಾಧ್ಯ.

ಮರವನ್ನು ಕೆತ್ತಬಹುದೇ ಹೊರತು ಹೀಗೆ ಒತ್ತಿ ಹಾಳೆಮಾಡಲಾಗದು. ಕೊಂಬನ್ನು ಕೆತ್ತಲೂಬಹುದು, ಮಣಿಸಲೂಬಹುದು. ಎಷ್ಟು ಬಿಸಿಯಾದರೆ ಮೆತ್ತಗಾಗುತ್ತದೆ, ಎಷ್ಟಾದರೆ ಸುಟ್ಟುಹೋಗುತ್ತದೆ, ಎಷ್ಟು ಹೊತ್ತು ಒತ್ತಿಹಿಡಿಯಬೇಕು ಎಂಬ ಹೊಸ ವಿದ್ಯೆಯೊಂದು ಒಯೊನಾದ ಮನೆಮನೆಯಲ್ಲಿಯೂ ನೆಲಸಿತು. ಈ ವಿದ್ಯೆ ಮುಂದೆ ಎಂಥ ಪ್ರಯೋಜನಕ್ಕೆ ಬಂದೀತೆಂದು ಆಗ ಯಾರೂ ಊಹಿಸಿರಲಾರರು.

ಇದೇ ಶತಮಾನದಲ್ಲಿ ಬಾಚಣಿಗೆ ಕೊರೆಯುವ ಒಂದು ಜಾಣ ಯಂತ್ರವೂ ಬಳಕೆಗೆ ಬಂತು. ಒಂದು ಬಾಚಣಿಗೆಯ ಹಲ್ಲುಗಳ ನಡುವಿನ ಸಂದುಗಳನ್ನು ಕೊರೆದಾಗ ಬೀಳುವ ಚೂರು ಸುಮ್ಮನೆ ಪೋಲಾಗುತ್ತದೆಯಷ್ಟೆ. ಈ ಯಂತ್ರವು ಒಂದೇ ಹಾಳೆಯಲ್ಲಿ ಎರಡು ಬಾಚಣಿಗೆಗಳನ್ನು ಎದುರುಬದುರಾಗಿ ಕತ್ತರಿಸುತ್ತಿತ್ತು. ಒಂದರ ಸಂದಿನಲ್ಲಿರುವುದೇ ಇನ್ನೊಂದರ ಹಲ್ಲು. ಎರಡು ಕೈಗಳ ಬೆರಳುಗಳನ್ನು ಹೆಣೆದು ಬಿಡಿಸಿದಂತೆ ಎರಡು ಬಾಚಣಿಗೆಗಳು ಬೇರ್ಪಡುತ್ತಿದ್ದವು. ಪದಾರ್ಥ ಉಳಿದಷ್ಟೂ ಲಾಭವೆಂಬ ಅರ್ಥಶಾಸ್ತ್ರದ ಸೂತ್ರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ವಿರಳ.

ಹತ್ತಿ ಮತ್ತು ಕರ್ಪೂರ

1870ರಲ್ಲಿ ಅಮೆರಿಕದ ಜಾನ್ ವೆಸ್ಲಿ ಹಯಾಟ್ ಮತ್ತು ಆತನ ಸೋದರ ಒಂದು ಹೊಸ ಪದಾರ್ಥಕ್ಕೆ ಹಕ್ಕುಪತ್ರವನ್ನು ಪಡೆದರು. ಬಿಲಿಯರ್ಡ್ಸ್ ಆಟದ ಚೆಂಡಿಗೆ ಆನೆಯ ದಂತಕ್ಕೆ ಬದಲಾಗಿ ಏನನ್ನು ಬಳಸಬಹುದೆಂಬ ಹುಡುಕಾಟದಿಂದ ಹುಟ್ಟಿದ ಆ ಪದಾರ್ಥವೇ ಸೆಲ್ಯುಲಾಯ್ಡ್. 1878ರಲ್ಲಿ ಅದು ಒಯೊನಾ ಪಟ್ಟಣವನ್ನು ತಲಪಿತು.

ಸೆಲ್ಯುಲಾಯ್ಡಿಗೆ ಬೇಕಾದ ಮುಖ್ಯ ವಸ್ತುಗಳು ಎರಡು: ಹತ್ತಿ ಮತ್ತು ಕರ್ಪೂರ. ಹತ್ತಿಯು ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸ್. ಅದನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣದಲ್ಲಿ ಅದ್ದಿದರೆ ನೈಟ್ರೊಸೆಲ್ಯುಲೋಸ್ ಆಗುತ್ತದೆ. ಆದರೆ ಅದು ಪೆಡಸಾದ ಪದಾರ್ಥ. ಅದಕ್ಕೆ ಮದ್ಯಸಾರದಲ್ಲಿ ಕರಗಿಸಿದ ಕರ್ಪೂರವನ್ನು ಬೆರೆಸಿ ನಾದಿದರೆ ಕರ್ಪೂರದ ಅಣುಗಳು ಸೆಲ್ಯುಲೋಸಿನ ಉದ್ದನೆಯ ಅಣುಗಳ ನಡುವೆ ಸೇರಿಕೊಂಡು, ಅವು ಒಂದರ ಮೇಲೊಂದು ಜಾರುವಂತೆ ಮಾಡುತ್ತವೆ. ಹೀಗೆ ಸಿದ್ಧವಾದ ಮುದ್ದೆಯನ್ನು ದಿಮ್ಮಿಯಾಗಿ ಒತ್ತಿ, ಹಾಳೆಗಳಾಗಿ ಸೀಳಿ, ಒಣಗಿಸುತ್ತಾರೆ. ಈ ಹಾಳೆಯು ಕುದಿಯುವ ನೀರಿಗಿಂತ ಕಡಮೆ ಶಾಖದಲ್ಲಿಯೇ ಮೆತ್ತಗಾಗುತ್ತದೆ.

ಕೊಂಬನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮಣಿಸಲು ಬಲ್ಲ ಒಯೊನಾದ ಕೆಲಸಗಾರನಿಗೆ ಇದು ಹೊಸದೆಂದು ತೋರಲೇ ಇಲ್ಲ. ಅದೇ ಗರಗಸ, ಅದೇ ಬಿಸಿನೀರು, ಅದೇ ಮರದ ಪಡಿಯಚ್ಚು, ಅದೇ ಮೆರುಗು ಕೊಡುವ ಕೈ. ಪ್ರತಿಯೊಂದು ಕೊಂಬಿನ ಗಾತ್ರ, ಬಣ್ಣ ಬೇರೆ ಬೇರೆ. ಸೆಲ್ಯುಲಾಯ್ಡ್ ಹಾಳೆಗಳಾದರೋ ಎಲ್ಲವೂ ಒಂದೇ ತೆರ. ದಂತ, ಆಮೆಯ ಚಿಪ್ಪು, ಹವಳ, ಯಾವುದರ ಬಣ್ಣವನ್ನಾದರೂ ಅದಕ್ಕೆ ಕೊಡಬಹುದು. ಯೂರೋಪಿನ ಹೆಂಗಸರು ಉದ್ದ ಕೂದಲನ್ನು ಎತ್ತರದ ಮುಡಿಯಾಗಿ ಕಟ್ಟಿ, ಅದಕ್ಕೆ ಅಗಲವಾದ ಅಲಂಕಾರದ ಬಾಚಣಿಗೆಗಳನ್ನು ಸಿಕ್ಕಿಸಿಕೊಳ್ಳುತ್ತಿದ್ದ ಕಾಲ ಅದು. ಶ್ರೀಮಂತರ ಮನೆಯಲ್ಲಿ ಮಾತ್ರ ಇದ್ದ ಒಡವೆ ಸಾಮಾನ್ಯಳ ಕೈಗೂ ಎಟುಕಿತು. ಒಯೊನಾದ ಒಗ್ಯುಸ್ತ್ ಬೊನಾ ಎಂಬಾತನ ಬಾಚಣಿಗೆಗಳಂತೂ ಕಲಾಕೃತಿಗಳೆಂದೇ ಹೆಸರಾದವು. ಇಂದಿಗೂ ಅವುಗಳನ್ನು ಸಂಗ್ರಹಿಸುವವರಿದ್ದಾರೆ.

ಬೆಂಕಿಯ ಭಯ

ಈ ಸಮೃದ್ಧಿಯ ಬೆನ್ನಿಗೇ ಒಂದು ಭಯವೂ ಬಂತು. ಮಂಗಳಾರತಿಯ ಕರ್ಪೂರ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಸೆಲ್ಯುಲಾಯ್ಡಿನಲ್ಲಿ ಕರ್ಪೂರಕ್ಕಿಂತಲೂ ಅಪಾಯಕಾರಿಯಾದುದು ನೈಟ್ರೊಸೆಲ್ಯುಲೋಸ್. ಹತ್ತಿಗೆ ನೈಟ್ರಿಕ್ ಆಮ್ಲದ ಸಂಸ್ಕಾರವನ್ನು ಇನ್ನಷ್ಟು ಹೆಚ್ಚಾಗಿ ಕೊಟ್ಟರೆ ಅದು ತೋಪಿಗೆ ತುಂಬುವ ಸಿಡಿಮದ್ದೇ ಆಗುತ್ತದೆ. ಬಾಚಣಿಗೆಯೂ ಸಿಡಿಮದ್ದೂ ಒಂದೇ ಮನೆತನದವು. ಅಂತರ ನೈಟ್ರೊಜನ್ನಿನ ಪ್ರಮಾಣದ್ದು ಮಾತ್ರ.

ಸಾಮಾನ್ಯವಾದ ಬೆಂಕಿಗೆ ಹೊರಗಿನ ಗಾಳಿಯಿಂದ ಆಮ್ಲಜನಕ ಬೇಕು. ಕಂಬಳಿ ಮುಚ್ಚಿದರೆ ಅದು ಆರುತ್ತದೆ. ಸೆಲ್ಯುಲಾಯ್ಡಿನ ಅಣುವಿನಲ್ಲಿಯೇ ಆಮ್ಲಜನಕ ಅಡಗಿರುವುದರಿಂದ ಅದನ್ನು ಮುಚ್ಚಿ ಆರಿಸುವುದು ಕಷ್ಟ. ನೀರು ಸುರಿದು ಶಾಖವನ್ನು ಇಳಿಸುವುದೊಂದೇ ಉಪಾಯ. ಗರಗಸದ ತಿಕ್ಕಾಟ, ಕೊರೆದಾಗ ಉದುರುವ ಪುಡಿ, ಚಳಿಗಾಲದ ಒಲೆ, ದೀಪ, ಇವೆಲ್ಲವೂ ಇರುವ ಮನೆಯೊಳಗೆ ಕುಳಿತು ಹೆಂಡತಿ ಮಕ್ಕಳೊಡನೆ ಈ ಪದಾರ್ಥವನ್ನು ಕೊರೆಯುವುದೆಂದರೆ ಅಪಾಯವನ್ನು ಮಡಿಲಲ್ಲಿ ಕಟ್ಟಿಕೊಂಡಂತೆ.

ಒಯೊನಾ ಈ ಅಪಾಯವನ್ನು ಎದುರಿಸಿದ ರೀತಿ ಗಮನಾರ್ಹವಾದುದು. 1890ರ ಆಸುಪಾಸಿನಲ್ಲಿಯೇ, ಫ್ರಾನ್ಸಿನ ಅನೇಕ ದೊಡ್ಡ ಊರುಗಳಿಗಿಂತ ಮುಂಚಿತವಾಗಿ, ಹತ್ತಿರದ ಶರ್ಮಿನ್ ಎಂಬಲ್ಲಿ ನೀರಿನಿಂದ ಉತ್ಪಾದಿಸಿದ ವಿದ್ಯುತ್ತು ಆ ಪಟ್ಟಣಕ್ಕೆ ಬಂದಿತ್ತು. 1905ರ ವೇಳೆಗೆ ಅಲ್ಲಿ ಒಂದು ವಿಶಿಷ್ಟ ಕಟ್ಟಡ ಎದ್ದಿತು. ಅದರ ಹೆಸರು ಗ್ರಾಂದ್ ವಪ್ಯೋರ್, ಎಂದರೆ ‘ದೊಡ್ಡ ಉಗಿ’. ಕಟ್ಟಿಗೆಯನ್ನು ಬಿಟ್ಟು, ಉಕ್ಕಿನ ಸರಳು ಹುದುಗಿಸಿದ ಕಾಂಕ್ರೀಟಿನಿಂದ ಅದನ್ನು ಕಟ್ಟಿದರು. ಒಳಗೆ ಸಣ್ಣ ಸಣ್ಣ ಕೋಣೆಗಳು. ಒಂದರಲ್ಲಿ ಬೆಂಕಿ ಹುಟ್ಟಿದರೆ ಇನ್ನೊಂದಕ್ಕೆ ಹರಡದಂತೆ ನಡುವೆ ಗೋಡೆ. ಸಮತಟ್ಟಾದ ಮಾಳಿಗೆಯ ಮೇಲೆ ನೀರಿನ ಸಂಗ್ರಹ.

ಈ ಕೋಣೆಗಳನ್ನು ಯಂತ್ರಶಕ್ತಿಯ ಸಮೇತ ಕುಶಲಕರ್ಮಿಗಳಿಗೆ ಬಾಡಿಗೆಗೆ ಕೊಡುತ್ತಿದ್ದರು. ಸ್ವಂತಕ್ಕೆ ಯಂತ್ರಾಗಾರವನ್ನು ಕಟ್ಟಲಾರದ ಸಣ್ಣ ಕೆಲಸಗಾರನೂ ಒಂದು ಕೋಣೆಯನ್ನು ಹಿಡಿದು, ತಿರುಗುವ ಗಾಲಿಗೆ ತನ್ನ ಗರಗಸದ ಪಟ್ಟಿಯನ್ನು ತೊಡಿಸಿ, ತನ್ನ ಕೆಲಸಕ್ಕೆ ತಾನೇ ಒಡೆಯನಾಗಿ ಉಳಿಯಬಹುದಾಗಿತ್ತು. ಬೇರೆಡೆಗಳಲ್ಲಿ ಯಂತ್ರಶಕ್ತಿಯು ಸಣ್ಣವರನ್ನು ನುಂಗಿ ದೊಡ್ಡ ಕಾರ್ಖಾನೆಯನ್ನು ಬೆಳೆಸಿದ ಕಾಲದಲ್ಲಿ, ಇಲ್ಲಿ ಅದು ನೂರಾರು ಸಣ್ಣ ಕಸುಬುದಾರರನ್ನು ಉಳಿಸಿತು. ಒಬ್ಬ ಕೊರೆಯುವವ, ಒಬ್ಬ ಮೆರುಗು ಕೊಡುವವ, ಒಬ್ಬ ಹರಳು ಕೂರಿಸುವವ. ಹೀಗೆ ಇಡೀ ಊರೇ ಒಂದು ಕಾರ್ಖಾನೆಯಂತೆ ನಡೆಯುತ್ತಿತ್ತು. ಒಂದೇ ಕಸುಬಿನವರು ಒಂದೆಡೆ ನೆಲಸಿದಾಗ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯದೆ ಮಕ್ಕಳೂ ತಿಳಿಯದೆಯೇ ಕಲಿತುಬಿಡುತ್ತಾರೆಂದು ಅರ್ಥಶಾಸ್ತ್ರಜ್ಞ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ವಿವರಿಸಿದ್ದನು. ಒಯೊನಾ ಆ ಮಾತಿಗೆ ಒಳ್ಳೆಯ ನಿದರ್ಶನ.

ಕತ್ತರಿಸಿದ ಕೂದಲು

ಬೆಂಕಿಯನ್ನು ಗೆದ್ದ ಊರನ್ನು ಕತ್ತರಿ ನಡುಗಿಸಿತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರ ದಶಕದಲ್ಲಿ, ಯೂರೋಪ್ ಅಮೆರಿಕಗಳ ಹೆಂಗಸರು ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸಿಕೊಳ್ಳತೊಡಗಿದರು. ಮುಡಿಯೇ ಇಲ್ಲದ ಮೇಲೆ ಮುಡಿಯ ಬಾಚಣಿಗೆ ಯಾರಿಗೆ ಬೇಕು? ನೂರಾರು ವರ್ಷಗಳ ಕಸುಬಿನ ತಳಹದಿಯೇ ಕೆಲವೇ ವರ್ಷಗಳಲ್ಲಿ ಅಲುಗಿತು. ಅಮೆರಿಕದಲ್ಲಿ ಬಾಚಣಿಗೆಗೆ ಹೆಸರಾಗಿದ್ದ ಲೆಮಿನ್‌ಸ್ಟರ್ ಎಂಬ ಊರಿಗೂ ಇದೇ ಗತಿಯಾಯಿತು. ಒಂದೇ ಸರಕನ್ನು ನಂಬಿದ ಊರಿಗೆ ಗಿರಾಕಿಯ ಮನಸ್ಸು ಬದಲಾಗುವುದೇ ಬರಗಾಲ. ಮಳೆ ಹೋದರೆ ಮುಂದಿನ ವರ್ಷ ಬಂದೀತು, ಫ್ಯಾಷನ್ ಹೋದರೆ ಬರುವ ಭರವಸೆಯಿಲ್ಲ.

ಒಯೊನಾದವರು ಆಗ ತಮ್ಮ ಕೈಯಲ್ಲಿದ್ದುದೇನೆಂದು ನೋಡಿಕೊಂಡರು. ಬಾಚಣಿಗೆಯ ಗಿರಾಕಿ ಹೋಗಿದ್ದರೂ, ಬಿಸಿಗೆ ಮೆತ್ತಗಾಗುವ ಪದಾರ್ಥಕ್ಕೆ ಆಕಾರ ಕೊಡುವ ವಿದ್ಯೆ ಹಾಗೆಯೇ ಇತ್ತು. ಅದೇ ವಿದ್ಯೆಯಿಂದ ಬಳೆ, ಸರ, ಕನ್ನಡಕದ ಚೌಕಟ್ಟು, ಆಟಿಕೆಗಳನ್ನು ಮಾಡತೊಡಗಿದರು. ಪದಾರ್ಥಗಳೂ ಹೆಚ್ಚಿದವು. ಹಾಲಿನ ಕೇಸೀನಿಗೆ ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಗ್ಯಾಲಲಿತ್, ಸೆಲ್ಯುಲಾಯ್ಡಿನಂತೆ ಭಗ್ಗನೆ ಹೊತ್ತಿಕೊಳ್ಳದ ಸೆಲ್ಯುಲೋಸ್ ಅಸಿಟೇಟ್, ಇವು ಬಳಕೆಗೆ ಬಂದವು. 1936ರಲ್ಲಿ ಒಯೊನಾದಲ್ಲಿ ಸ್ಥಾಪಿತವಾದ ಬೊಲೆ ಎಂಬ ಸಂಸ್ಥೆ ಮುಂದೆ ತಂಪು ಕನ್ನಡಕಗಳಿಂದ ಜಗತ್ತಿಗೆಲ್ಲ ಪರಿಚಿತವಾಯಿತು.

ಇದೇ ಪಟ್ಟಣದ ಹೆಸರು ಫ್ರಾನ್ಸಿನ ಇತಿಹಾಸದಲ್ಲಿ ಇನ್ನೊಂದು ಕಾರಣಕ್ಕೂ ಉಳಿದಿದೆ. ಎರಡನೆಯ ಮಹಾಯುದ್ಧದಲ್ಲಿ ದೇಶವು ಜರ್ಮನರ ವಶದಲ್ಲಿದ್ದಾಗ, 1943ರ ನವೆಂಬರ್ 11ರಂದು, ಬೆಟ್ಟಗಳಲ್ಲಿ ಅಡಗಿದ್ದ ಸುಮಾರು 200 ಮಂದಿ ಪ್ರತಿರೋಧದ ಯೋಧರು ಆನ್ರಿ ರೊಮಾಂ-ಪೆತಿಯ ನಾಯಕತ್ವದಲ್ಲಿ ಹಾಡುಹಗಲಲ್ಲಿ ಒಯೊನಾದ ಬೀದಿಗಳಲ್ಲಿ ಕವಾಯತು ನಡೆಸಿ, ಮೊದಲನೆಯ ಯುದ್ಧದಲ್ಲಿ ಮಡಿದವರ ಸ್ಮಾರಕಕ್ಕೆ ಹೂಮಾಲೆಯನ್ನು ಅರ್ಪಿಸಿದರು. ಮರುತಿಂಗಳೇ ಜರ್ಮನರು ಸೇಡು ತೀರಿಸಿಕೊಂಡರು. ನೆರೆಯ ನಾಂತ್ವಾ ಪಟ್ಟಣದಿಂದ ನೂರಕ್ಕೂ ಹೆಚ್ಚು ಗಂಡಸರನ್ನು ಹಿಡಿದು ಸಾಗಿಸಿದರು.

ಅಚ್ಚಿನ ಯುಗ

ಯುದ್ಧದ ಬಳಿಕ ಪಾಲಿಸ್ಟೈರೀನ್, ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಮೊದಲಾದ ಸಂಪೂರ್ಣ ಕೃತಕ ಪ್ಲಾಸ್ಟಿಕ್ಕುಗಳ ಕಾಲ ಬಂತು. ಇಲ್ಲಿ ಒಂದು ವಿಷಯವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮರದ ಸೆಲ್ಯುಲೋಸ್, ಕೊಂಬಿನ ಕೆರಾಟಿನ್, ಸೆಲ್ಯುಲಾಯ್ಡ್, ಪಾಲಿಸ್ಟೈರೀನ್, ಇವೆಲ್ಲವೂ ಸರಪಳಿಯಂತೆ ಉದ್ದವಾದ ಅಣುಗಳಿಂದ ಆದವು. ಇಂಥ ಮಹಾಣುಗಳಿವೆಯೆಂದು ಜರ್ಮನಿಯ ಹರ್ಮನ್ ಸ್ಟಾಡಿಂಗರ್ 1920ರಲ್ಲಿ ಹೇಳಿದಾಗ ಅನೇಕ ರಸಾಯನ ವಿಜ್ಞಾನಿಗಳು ನಂಬಲಿಲ್ಲ; 1953ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಶಾಖ ತಗುಲಿದಾಗ ಈ ಸರಪಳಿಗಳ ನಡುವಿನ ಹಿಡಿತ ಸಡಿಲವಾಗಿ ಅವು ಸರಿದಾಡುತ್ತವೆ. ತಣಿದಾಗ ಇದ್ದಲ್ಲಿಯೇ ನಿಲ್ಲುತ್ತವೆ. ಒಯೊನಾದ ಕೆಲಸಗಾರ ನಾಲ್ಕು ಬೇರೆ ಬೇರೆ ಪದಾರ್ಥಗಳನ್ನು ಕೈಯಲ್ಲಿ ಹಿಡಿದಿದ್ದರೂ, ಅವನು ತಿಳಿಯದೆಯೇ ವ್ಯವಹರಿಸುತ್ತಿದ್ದುದು ಒಂದೇ ಜಾತಿಯ ಅಣುಗಳೊಡನೆ.

ಹೊಸ ಪ್ಲಾಸ್ಟಿಕ್ಕಿನ ಕೆಲಸದ ಕ್ರಮ ಮಾತ್ರ ಪೂರ್ತಿ ಬದಲಾಯಿತು. ಕಾಳಿನಂಥ ಪ್ಲಾಸ್ಟಿಕ್ಕನ್ನು ಬಿಸಿ ಕೊಳವೆಯಲ್ಲಿ ಕರಗಿಸಿ, ಬಲವಾಗಿ ಒತ್ತಿ, ಉಕ್ಕಿನ ಅಚ್ಚಿನೊಳಕ್ಕೆ ತುಂಬುತ್ತಾರೆ. ಕೆಲವು ಕ್ಷಣಗಳಲ್ಲಿ ಅದು ತಣಿದು ಗಟ್ಟಿಯಾಗುತ್ತದೆ. ಅಚ್ಚು ಬಾಯಿ ತೆರೆದರೆ ಹಲ್ಲುಗಳ ಸಮೇತ ಬಾಚಣಿಗೆ ಸಿದ್ಧ. ಕೊರೆಯುವುದಿಲ್ಲ, ಬಾಗಿಸುವುದಿಲ್ಲ. ಕುಶಲತೆಯೆಲ್ಲ ಈಗ ಅಚ್ಚನ್ನು ಮಾಡುವವನ ಬಳಿ ಸೇರಿತು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅದರಿಂದ ಹೊರಬರುವ ಲಕ್ಷ ವಸ್ತುಗಳಲ್ಲಿಯೂ ಅದೇ ದೋಷ ಕಾಣಿಸಿಕೊಳ್ಳುತ್ತದೆ.

ಇದರ ಅರ್ಥಶಾಸ್ತ್ರವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಅಚ್ಚೊಂದಕ್ಕೆ 1 ಲಕ್ಷ ರೂಪಾಯಿ ಆಯಿತೆಂದು ಇಟ್ಟುಕೊಳ್ಳೋಣ. ಅದರಿಂದ 100 ವಸ್ತುಗಳನ್ನು ಮಾಡಿದರೆ ಒಂದೊಂದರ ಮೇಲೆ ಅಚ್ಚಿನ ಖರ್ಚೇ 1,000 ರೂಪಾಯಿ ಬೀಳುತ್ತದೆ. 1 ಲಕ್ಷ ವಸ್ತುಗಳನ್ನು ಮಾಡಿದರೆ ಒಂದೇ ರೂಪಾಯಿ. ಆದುದರಿಂದ ಪ್ಲಾಸ್ಟಿಕ್ ಉದ್ಯಮಕ್ಕೆ ಅಪಾರ ಸಂಖ್ಯೆಯ ಮಾರಾಟ ಬೇಕೇ ಬೇಕು. ಒಯೊನಾದ ಕಾರ್ಖಾನೆಗಳು ಆಟಿಕೆ, ಮನೆಬಳಕೆಯ ಪಾತ್ರೆ, ಕುರ್ಚಿ, ಸುಗಂಧದ್ರವ್ಯದ ಸೀಸೆಯ ಮುಚ್ಚಳ, ಮೋಟಾರು ಬಂಡಿಯ ಬಿಡಿಭಾಗ, ವೈದ್ಯಕೀಯ ಉಪಕರಣ, ಹೀಗೆ ಎಲ್ಲ ದಿಕ್ಕಿಗೂ ಹಬ್ಬಿದವು. ಊರಿನ ಕೈಗಳು ಸಾಲದೆ ಪೋರ್ಚುಗಲ್, ಉತ್ತರ ಆಫ್ರಿಕ, ತುರ್ಕಿಗಳಿಂದ ಕೆಲಸಗಾರರು ಬಂದು ನೆಲಸಿದರು. ಸುತ್ತಲಿನ ಪ್ರದೇಶಕ್ಕೆ ‘ಪ್ಲಾಸ್ಟಿಕ್ ಕಣಿವೆ’ ಎಂಬ ಹೆಸರು ಬಂತು. ಪ್ಲಾಸ್ಟಿಕ್ ತಂತ್ರವಿದ್ಯೆಯನ್ನು ಕಲಿಸುವ ಶಾಲೆಗಳೂ ಸಂಶೋಧನಾಲಯವೂ ಅಲ್ಲಿ ಹುಟ್ಟಿಕೊಂಡವು. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಬಾಕ್ಸ್ ಮರದ ಬಾಚಣಿಗೆಯಿಂದ ಮೊದಲಾಗಿ ಈ ಇಡೀ ಕಥೆಯನ್ನು ಕಣ್ಣಾರೆ ಕಾಣಬಹುದು.

ಐದನೆಯ ಪದಾರ್ಥ ಯಾವುದು?

ಸುಖವೊಂದೇ ಈ ಕಥೆಯ ಕೊನೆಯಲ್ಲ. ಅಗ್ಗದ ಕೂಲಿಯ ದೇಶಗಳಿಂದ ಬರುವ ಸರಕಿನ ಪೈಪೋಟಿ ಸುತ್ತಣ ಆಟಿಕೆ ಉದ್ಯಮವನ್ನು ಬಲವಾಗಿ ಬಾಧಿಸಿತು. ಒಯೊನಾದ ಬೆರ್ಶೆ ಎಂಬ ಆಟಿಕೆಯ ಸಂಸ್ಥೆಯನ್ನು ಕೊಂಡುಕೊಂಡಿದ್ದ ಸ್ಮೋಬಿ ಎಂಬ ನೆರೆಯ ದೊಡ್ಡ ಸಂಸ್ಥೆಯು 2007ರಲ್ಲಿ ಸಾಲದ ಹೊರೆಯಿಂದ ಕುಸಿಯಿತು. ಮರುವರ್ಷ ಅದು ಜರ್ಮನಿಯ ಸಂಸ್ಥೆಯೊಂದರ ಕೈ ಸೇರಿತು.

ಇದಕ್ಕಿಂತಲೂ ಆಳವಾದುದು ಪದಾರ್ಥದ ಪ್ರಶ್ನೆಯೇ. ಮರದ ಬಾಚಣಿಗೆ ಮಣ್ಣಿಗೆ ಬಿದ್ದರೆ ಕೊಳೆತು ಮಣ್ಣಾಗುತ್ತದೆ. ಕೊಂಬಿನ ಹೊಟ್ಟು ಹೊಲಕ್ಕೆ ಗೊಬ್ಬರವಾಗುತ್ತದೆ. ಪಾಲಿಪ್ರೊಪಿಲೀನಿನ ಬಾಚಣಿಗೆಯಾದರೋ ಬಹಳ ಕಾಲದವರೆಗೆ ಕೊಳೆಯದೆ, ಚೂರುಚೂರಾಗಿ ಒಡೆದು, ಹೊಳೆ ಸಮುದ್ರಗಳನ್ನು ಸೇರುತ್ತದೆ. ಯೂರೋಪಿನ ಒಕ್ಕೂಟವು 2019ರಲ್ಲಿ, ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ನಿರ್ಬಂಧಿಸುವ ಶಾಸನವನ್ನು ಮಾಡಿತು. ಬಿಸಿಗೆ ಕರಗುವ ಪ್ಲಾಸ್ಟಿಕ್ಕನ್ನು ಮತ್ತೆ ಕರಗಿಸಿ ಬಳಸಬಹುದಾದರೂ, ಬೇರೆ ಬೇರೆ ಜಾತಿಗಳು ಬೆರೆತರೆ ಅವು ಒಂದರೊಡನೊಂದು ಹೊಂದಿಕೊಳ್ಳುವುದಿಲ್ಲ. ಪ್ರತಿ ಬಾರಿ ಕರಗಿಸಿದಾಗಲೂ ಅಣುಗಳ ಸರಪಳಿ ಅಲ್ಲಲ್ಲಿ ತುಂಡಾಗಿ ಪದಾರ್ಥದ ಕಸುವು ಕುಗ್ಗುತ್ತದೆ. ಆದುದರಿಂದ ಮರುಬಳಕೆಯ ಪ್ಲಾಸ್ಟಿಕ್ಕನ್ನೂ ಸಸ್ಯಮೂಲದ ಪದಾರ್ಥಗಳನ್ನೂ ಅಚ್ಚಿಗೆ ಒಗ್ಗಿಸುವುದು ಇಂದು ಅಲ್ಲಿನವರ ಮುಂದಿರುವ ದೊಡ್ಡ ಕೆಲಸ. 1878ರಲ್ಲಿ ಆ ಊರಿಗೆ ಬಂದ ಸೆಲ್ಯುಲಾಯ್ಡ್ ಕೂಡ ಹತ್ತಿಗಿಡ ಮತ್ತು ಕರ್ಪೂರದ ಮರಗಳ ಕೊಡುಗೆಯೇ ಆಗಿತ್ತೆಂಬುದನ್ನು ನೆನೆದರೆ, ಗಿಡಮರಗಳತ್ತ ಹೊರಟ ಈ ದಾರಿ ಒಯೊನಾಕ್ಕೆ ಹೊಸದೇನೂ ಅಲ್ಲ.

ಮರ, ಕೊಂಬು, ಸೆಲ್ಯುಲಾಯ್ಡ್, ಕೃತಕ ಪ್ಲಾಸ್ಟಿಕ್, ಹೀಗೆ ನಾಲ್ಕು ಪದಾರ್ಥಗಳನ್ನು ಒಯೊನಾ ಒಂದಾದ ಮೇಲೊಂದರಂತೆ ಕೈಗೆತ್ತಿಕೊಂಡಿತು. ಕೊಂಬಿನಿಂದ ಕಲಿತುದು ಸೆಲ್ಯುಲಾಯ್ಡಿಗೆ ನೆರವಾಯಿತು. ಸೆಲ್ಯುಲಾಯ್ಡಿನಿಂದ ಕಲಿತುದು ಪ್ಲಾಸ್ಟಿಕ್ಕಿಗೆ ನೆರವಾಯಿತು. ಪ್ರತಿ ಬದಲಾವಣೆಯಲ್ಲಿಯೂ ಕೆಲವರು ಕೆಲಸ ಕಳೆದುಕೊಂಡರು. ಊರು ಮಾತ್ರ ನಿಂತಿತು. ಗಣಿ ಬರಿದಾದರೆ ಗಣಿಯ ಊರು ಬಿಕೋ ಎನ್ನುತ್ತದೆ. ಕಲಿತ ವಿದ್ಯೆ ಹಾಗೆ ಬರಿದಾಗುವುದಲ್ಲ, ಆದರೆ ಅದನ್ನು ಹೊಸ ಪದಾರ್ಥಕ್ಕೆ ತಕ್ಕಂತೆ ಮತ್ತೆ ಮತ್ತೆ ಕಲಿಯಬೇಕಾಗುತ್ತದೆ. ಐದನೆಯ ಪದಾರ್ಥವನ್ನು ಒಯೊನಾ ಇದೀಗ ಕಲಿಯತೊಡಗಿದೆ.